ದುಭಾಷಿಯ ಹೇಳಿಕೆ

ಮಿತಿಲೀನಿಯ ಬಂದರು ಠಾಣೆ. ಫೆಬ್ರುವರಿ.
ಅವನ ಪ್ಯಾಂಟಿನಿಂದ ಕಡಲು ಇನ್ನೂ ತೊಟ್ಟಿಕ್ಕುತ್ತಿತ್ತು,
ಕುರ್ಚಿಯ ಕೆಳಗೊಂದು ಪುಟ್ಟ ಹೊಂಡ.
ಪೋಲೀಸಿನವ ಅದನ್ನು ದಾಟಿ ದಾಟಿ ಓಡಾಡಿದ
ಬೂಟು ನೆನೆಯದ ಹಾಗೆ.

ನಾನು ಮೋಸುಲಿನವಳು.
ಅವನು ದಾರ್ಫುರಿನವನು, ಇಸ್ಹಾಗ್ ಅಬ್ಕರ್.
ಹತ್ತೊಂಬತ್ತು ಎಂದ. ಕಾಗದದಲ್ಲಿ ಇಪ್ಪತ್ತಮೂರಾಯಿತು.
ಇಬ್ಬರದೂ ಅರಬ್ಬಿಯೇ ಎಂದು ನನ್ನನ್ನು ಕರೆಸಿದ್ದರು,
ಗಂಟೆಗೆ ಹನ್ನೆರಡು ಯೂರೋ.
ಹೌದಲ್ಲ, ಬಾವಿಯದೂ ಕಡಲಿನದೂ ನೀರೇ.

ಚುಕ್ಕಾಣಿ ಹಿಡಿದವನು ನೀನೇ ತಾನೆ?

ಹಿಡಿದೆ, ಎಂದ.
ಓಡಿಸುತ್ತಿದ್ದವನು ನಡುನೀರಿನಲ್ಲಿ
ಇನ್ನೊಂದು ದೋಣಿಗೆ ಹಾರಿಕೊಂಡ.
ಎಂಜಿನ್ನಿನ ಹಿಡಿ ತಾನೇ ತಾನಾಗಿ ತಿರುಗುತ್ತಿತ್ತು,
ಹತ್ತಿರ ಕೂತವನು ನಾನು, ಹಿಡಿದೆ.
ಕೊನೆಗೊಂದು ಮಾತು ಸೇರಿಸಿದ: ಸಾಕಿತ್.

ನಮ್ಮೂರಲ್ಲಿ ಅದು ಬಾಯಿ ಮುಚ್ಚಿದವರ ಮಾತು.
ಗ್ರೀಕಿಗೆ ದಾಟಿಸಿದೆ: ಸದ್ದಿಲ್ಲದೆ ಹಿಡಿದೆ.
ಟೈಪಿಸ್ಟ್ ಒತ್ತಿದಳು: ಗುಟ್ಟಾಗಿ.
ಮೂರೇ ಹೆಜ್ಜೆಯಲ್ಲಿ ಮಾತು ಕಳ್ಳನಾಯಿತು.

ಆಮೇಲೆ ಪೋಲೀಸಿನವ ಕೈಗಡಿಯಾರ ಬಿಚ್ಚಿ
ಜೋಪಾನವಾಗಿ ಮೇಜಿನ ಮೇಲಿಟ್ಟ.
ಹೋಗಿ ಒಂದು ಸಿಗರೇಟು ಸೇದಿ ಬನ್ನಿ, ಎಂದ ನನಗೆ.
ನಾನು ಸೇದುವವಳಲ್ಲ.
ಹೋದೆ.

ಕಟ್ಟೆಯ ಮೇಲೆ ಬೆಸ್ತನೊಬ್ಬ
ಆಕ್ಟೋಪಸ್ಸನ್ನು ಕಲ್ಲಿಗೆ ಬಡಿಯುತ್ತಿದ್ದ, ಮೆತ್ತಗಾಗಲೆಂದು.
ನಲವತ್ತು ಸಲ ಬಡಿಯಬೇಕಂತೆ.
ನಲವತ್ತನ್ನೂ ಎಣಿಸಿದೆ,
ಗೋಡೆಯ ಈಚೆಯದನ್ನೇ, ಈಚೆಯದನ್ನು ಮಾತ್ರ.

ಮರಳಿದಾಗ ಇಸ್ಹಾಗ್ ಎಲ್ಲದಕ್ಕೂ ಹೌದೆನ್ನುತ್ತಿದ್ದ.
ಹಣ ಪಡೆದೆಯಾ? ಹೌದು.
ಜನ ಸಾಗಿಸುವುದೇ ನಿನ್ನ ಕಸುಬೇ? ಹೌದು.
ನಿನ್ನ ತಂದೆಯ ಹೆಸರು? ಹೌದು.
ಅದೊಂದನ್ನು ಬರೆದುಕೊಳ್ಳಲಿಲ್ಲ.

ದೋಣಿಯ ಇನ್ನಿಬ್ಬರು ಸಾಕ್ಷಿ ನುಡಿದರು.
ಇಬ್ಬರ ಕಾಗದದಲ್ಲೂ ಅದೇ ವಾಕ್ಯ,
ಅದೇ ಜಾಗದಲ್ಲಿ ಅದೇ ಕಾಗುಣಿತದ ತಪ್ಪು.
ಮರುವಾರ ಇಬ್ಬರಿಗೂ ಅಥೆನ್ಸಿನ ಹಡಗಿಗೆ ಟಿಕೆಟ್ಟು.

ಕೋರ್ಟಿನಲ್ಲಿ ನ್ಯಾಯಾಧೀಶರ ತಲೆಯ ಮೇಲೆ ಕ್ರಿಸ್ತನ ಪಟ.
ಅವನಿಗೆ ಗೊತ್ತಿರಬೇಕು ವಿಚಾರಣೆಗೆ ಎಷ್ಟು ಹೊತ್ತು ಸಾಕೆಂದು.
ಇದಕ್ಕೆ ಅರ್ಧ ಗಂಟೆ.
ತಲೆಗೆ ಹತ್ತು ವರ್ಷ, ಇಪ್ಪತ್ತೆಂಟು ತಲೆ,
ಗುಮಾಸ್ತೆ ಕ್ಯಾಲ್ಕುಲೇಟರ್ ಒತ್ತಿ ಚೀಟಿ ದಾಟಿಸಿದಳು.
ಚುಕ್ಕಾಣಿ ಹಿಡಿದವರು ದೇಶ ಆಳುತ್ತಾರೆಂದು ಯಾರು ಹೇಳಿದ್ದು!
ಇನ್ನೂರ ಎಂಬತ್ತು, ಎಂದೆ ನಾನು ಅರಬ್ಬಿಯಲ್ಲಿ,
ಈ ಸಲ ಒಂದಕ್ಷರ ತಪ್ಪಿಲ್ಲದೆ.
ಅವನು ಕೇಳಿದ: ದಿನಗಳೇ?

ಮೂರು ವರ್ಷವಾದ ಮೇಲೆ, ಅಥೆನ್ಸಿನ ಒಂದು ಲಾಂಡ್ರಿ.
ಸುಡಾನಿನ ಹೆಂಗಸೊಬ್ಬಳು
ತಿರುಗುವ ಬಟ್ಟೆಗಳೆದುರು ಕೂತಿದ್ದಳು.
ನಿಮ್ಮವೇ? ಎಂದೆ.
ಅಯ್ಯೋ ಇಲ್ಲ, ಕೂತಿದ್ದೇನೆ, ಸಾಕಿತ್, ಎಂದು ನಕ್ಕಳು.
ಬಾಯಿ ಮುಚ್ಚಿರಲಿಲ್ಲ ಅವಳದು. ಮಾತು ನಿಂತೇ ಇರಲಿಲ್ಲ,
ಮೊಮ್ಮಗಳ ಹಲ್ಲು, ಬಸ್ಸಿನ ದರ, ಈರುಳ್ಳಿ.
ಸಾಕಿತ್: ಹಾಗೇ. ಸುಮ್ಮನೆ.
ಇಲ್ಲಿ ಬೆಚ್ಚಗಿದೆಯಲ್ಲ, ಅದಕ್ಕೆ.

ಸುಮ್ಮನೆ ಹಿಡಿದೆ, ಎಂದಿದ್ದ ಹುಡುಗ.
ನನ್ನ ಒದ್ದೆ ಬಟ್ಟೆಗಳನ್ನು ಅಲ್ಲೇ ಬಿಟ್ಟು ಬಂದೆ.

ಮೇಲ್ಮನವಿಯ ದಿನ ನಾನೇ ಕಟಕಟೆಯಲ್ಲಿ.
ಸಿಗರೇಟಿನ ಹೊತ್ತನ್ನೂ ಹೇಳಿದೆ, ಗಡಿಯಾರವನ್ನೂ.
ನ್ಯಾಯಾಧೀಶೆ ಕನ್ನಡಕ ತೆಗೆದಳು:
ಕೀರಿಯಾ ಸುಹಾದ್, ಇದನ್ನೆಲ್ಲ ಆಗಲೇ ಏಕೆ ಹೇಳಲಿಲ್ಲ?

ಇಪ್ಪತ್ತು ವರ್ಷದ ನನ್ನ ಗ್ರೀಕು ಎಲ್ಲಿ ಹೋಯಿತೋ.
ನಾಲಗೆಗೆ ಬಂದದ್ದು ಅದೊಂದೇ: ಸಾಕಿತ್.

ಗಾಜಿನಾಚೆ ಇಸ್ಹಾಗ್ ತಲೆಯೆತ್ತಿದ.
ಟೈಪಿಸ್ಟಳ ಬೆರಳು ಆಗಲೇ ಕೀಲಿಗಳ ಮೇಲಿದ್ದವು.
ಹೊಸ ದುಭಾಷಿ, ಮೀಸೆ ಮೂಡದ ಹುಡುಗ,
ಕೈಯೆತ್ತಿ ಅವಳನ್ನು ತಡೆದ,
ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ:
ಯಾವ ಅರ್ಥದಲ್ಲಿ, ಅಮ್ಮಾ?

ಅಂದು, ಆ ನೀರಿನ ಹೊಂಡದ ಪಕ್ಕ,
ಇಷ್ಟು ಕೇಳಿದ್ದರೆ
ಸಾಕಿತ್ತು.